ಸೇವಾ ಪುಸ್ತಕದಲ್ಲಿ ಇಲ್ಲದ ಸೇವೆಗಳು

ನಾವು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದುದು ೨೦೨೪ನೆಯ ಇಸವಿಯ ಮೇ ತಿಂಗಳ ಕೊನೆಯ ದಿನ. ಅದಕ್ಕೆ ಆರು ತಿಂಗಳು ಮುಂಚಿನಿಂದಲೇ ನಿವೃತ್ತಿ ವೇತನದ ಕಾಗದಗಳ ಓಡಾಟವು ಮೊದಲಾಗಿದ್ದಿತು. ಕಚೇರಿಯ ಗುಮಾಸ್ತರು ನಮ್ಮ ಸೇವಾ ಪುಸ್ತಕವನ್ನು ಮುಂದಿಟ್ಟುಕೊಂಡು, ಒಂದೊಂದು ಹಾಳೆಯನ್ನೂ ಬೆರಳಿಗೆ ಉಗುಳು ತಾಗಿಸಿ ತಿರುವುತ್ತಾ, “ಮೇಷ್ಟ್ರೇ, ಇದಕ್ಕೆ ಮುಂಚೆ ಎಲ್ಲಾದರೂ ಕೆಲಸ ಮಾಡಿದ್ದೀರಾ?” ಎಂದು ಕೇಳಿದರು.

“ಹಲವು ಕಡೆ.”

“ಸರ್ಕಾರದಲ್ಲೋ?”

“ಅಲ್ಲ.”

“ಹಾಗಾದರೆ ಅದು ಲೆಕ್ಕಕ್ಕಿಲ್ಲ, ಬಿಡಿ” ಎಂದು ಅವರು ಆ ಅಂಕಣದಲ್ಲಿ ಅಡ್ಡಗೀಟೊಂದನ್ನು ಎಳೆದು ಮುಂದಿನ ಹಾಳೆಗೆ ಹೋದರು.

ಅವರ ಮೇಲೆ ನಮಗೆ ಯಾವ ಅಸಮಾಧಾನವೂ ಇಲ್ಲ. ನಿಯಮವಿರುವುದೇ ಹಾಗೆ. ಆದರೂ ಅಂದು ಬಸ್ಸಿನಲ್ಲಿ ಕುಳಿತು ಮನೆಗೆ ಬರುವಾಗ, ಲೆಕ್ಕಕ್ಕಿಲ್ಲದ ಆ ಕೆಲಸಗಳು ಎಷ್ಟೆಂದು ಬೆರಳು ಮಡಿಸಿ ಎಣಿಸತೊಡಗಿದೆವು. ಎರಡು ಕೈಯ ಬೆರಳುಗಳೂ ಮುಗಿದುವು. ಪಕ್ಕದಲ್ಲಿ ಕುಳಿತಿದ್ದ ಮಹನೀಯರೊಬ್ಬರು, ನಾವು ಜಪ ಮಾಡುತ್ತಿರುವೆವೆಂದು ತಿಳಿದು, ಗೌರವದಿಂದ ಸ್ವಲ್ಪ ಸರಿದು ಕುಳಿತರು. ಮನೆಗೆ ಬಂದವರೇ ಹಳೆಯ ದಿನಚರಿಯೊಂದರ ಹಿಂದಣ ಹಾಳೆಯಲ್ಲಿ ಆ ಪಟ್ಟಿಯನ್ನು ಬರೆದಿಟ್ಟೆವು. ಈ ಲೇಖನಕ್ಕೆ ಆ ಹಾಳೆಯೇ ಆಧಾರ.

ಕೂಲಿಯೆಂಬ ಪದಾರ್ಥಕ್ಕೆ ಸಂಸ್ಕೃತದಲ್ಲಿ ದಾರಿದ್ರ್ಯವಿಲ್ಲ. ಬಾಲ್ಯದಲ್ಲಿ ನಾವು ಕಂಠಪಾಠ ಮಾಡಿದ ಅಮರಕೋಶದಲ್ಲಿ ಭೃತಿ, ವೇತನ, ಭರಣ, ಮೂಲ್ಯ, ನಿರ್ವೇಶ, ಪಣ ಎಂದು ಮುಂತಾಗಿ ಅದಕ್ಕೆ ಹತ್ತಕ್ಕೆ ಮೇಲ್ಪಟ್ಟ ಹೆಸರುಗಳಿವೆ. ಪದಾರ್ಥವು ಮಾತ್ರ ಕೈಗೆ ಬರಬೇಕಾದರೆ ಕೋಶವನ್ನು ಮಡಿಸಿಟ್ಟು ಏಳಬೇಕಾಗುತ್ತದೆ. ನಮ್ಮ ಮೊತ್ತಮೊದಲನೆಯ ಭೃತಿಯು ಬಂದುದು ಹುಣಸೆಯ ಹಣ್ಣಿನಿಂದ.

ಆಗ ನಮಗೆ ಒಂಬತ್ತು ವರ್ಷ. ಅದು ೧೯೭೩ನೆಯ ಇಸವಿಯ ಬೇಸಗೆ. ನಮ್ಮ ತಂದೆಯವರು ಊರಿನ ದೇವಾಲಯದ ಅರ್ಚಕರು. ದೇವರಿಗೆ ಸರ್ಕಾರದಿಂದ ವರ್ಷಕ್ಕೊಮ್ಮೆ ಬರುವ ತಸ್ತೀಕು ದೀಪದ ಎಣ್ಣೆಗೇ ಸಾಲದು. ಅರ್ಚಕರ ಮನೆಯ ದೀಪದ ಮಾತು ಹಾಗಿರಲಿ. ಶಿವರಾತ್ರಿಯ ಹೊತ್ತಿಗೆ ಪೇಟೆಯ ವರ್ತಕರು ಹುಣಸೆಹಣ್ಣಿನ ಮೂಟೆಗಳನ್ನು ಗಾಡಿಯಲ್ಲಿ ತಂದು ಮನೆಮನೆಗೆ ಇಳಿಸಿ ಹೋಗುತ್ತಿದ್ದರು. ಸಿಪ್ಪೆಯನ್ನು ಒಡೆದು, ನಾರು ತೆಗೆದು, ಬೀಜ ಬಿಡಿಸಿ ಕೊಟ್ಟರೆ ತೂಕದ ಮೇಲೆ ಕೂಲಿ. ನಮ್ಮ ತಾಯಿಯವರು ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯ ಬಾಗಿಲನ್ನು ಓರೆ ಮಾಡಿಕೊಂಡು ಈ ಕೆಲಸಕ್ಕೆ ಕುಳಿತುಕೊಳ್ಳುವರು. ಬಾಗಿಲನ್ನು ಓರೆ ಮಾಡುತ್ತಿದ್ದುದು ಸೆಖೆಗಾಗಿ ಎಂದು ನಾವು ಬಹುಕಾಲ ನಂಬಿದ್ದೆವು. ಅರ್ಚಕರ ಮನೆಯಲ್ಲಿ ಕೂಲಿ ಕೆಲಸವೆಂಬುದು ಬೀದಿಗೆ ಕಾಣಬಾರದೆಂದು ಆಕೆ ಹಾಗೆ ಮಾಡುತ್ತಿದ್ದರೆಂಬುದು ತಿಳಿದುದು ಎಷ್ಟೋ ವರ್ಷಗಳ ಮೇಲೆ. ಹುಳಿಯು ಬೆರಳಿನ ಬಿರುಕುಗಳಿಗೆ ಇಳಿದು ರಾತ್ರಿಯೆಲ್ಲಾ ಉರಿಯುತ್ತಿದ್ದಿತು. ನಮ್ಮ ಪಾಲಿಗೆಂದು ತಾಯಿಯವರು ಕೊಟ್ಟ ಇಪ್ಪತ್ತು ಪೈಸೆಯ ನಾಣ್ಯವನ್ನು ನಾವು ಎರಡು ದಿನ ಖರ್ಚು ಮಾಡಲಿಲ್ಲ. ಮೂರನೆಯ ದಿನ ಬತ್ತಾಸಿಗೆ ಹೋಯಿತು.

ತಂದೆಯವರ ಹಿಂದೆ ಹೋಮ ಶ್ರಾದ್ಧಗಳಿಗೆ ಹೋಗಿ ನಾವು ಪಡೆದ ದಕ್ಷಿಣೆಯನ್ನು ಈ ಪಟ್ಟಿಯಲ್ಲಿ ಸೇರಿಸಬೇಕೋ ಬೇಡವೋ ಎಂಬ ವಿಷಯದಲ್ಲಿ ನಮಗೆ ಇಂದಿಗೂ ಸಂದೇಹವಿದೆ. “ಕೂಲಿಯನ್ನು ಕೇಳಿ ತೆಗೆದುಕೊಳ್ಳಬಹುದು, ದಕ್ಷಿಣೆಯನ್ನು ಕೇಳಕೂಡದು” ಎಂದು ತಂದೆಯವರು ಹೇಳುತ್ತಿದ್ದರು. ಅವರು ಅದನ್ನು ದಕ್ಷಿಣೆಯ ಹಿರಿಮೆಗಾಗಿ ಹೇಳಿದ್ದರು. ನಮಗೆ ಮಾತ್ರ ಅದರಿಂದ ಹುಣಸೆಹಣ್ಣೇ ಮೇಲೆಂದು ತೋರಿತು.

ಹದಿನಾರನೆಯ ವಯಸ್ಸಿನಲ್ಲಿ, ಎಂದರೆ ೧೯೮೦ರಲ್ಲಿ, ನಮ್ಮನ್ನು ಸಂಸ್ಕೃತ ವ್ಯಾಸಂಗಕ್ಕಾಗಿ ಮೈಸೂರಿಗೆ ಕಳುಹಿಸಿದರು. ಊಟ ವಸತಿಗಳಿಗೆ ಹೇಗೋ ಆಶ್ರಯ ದೊರೆಯಿತು. ಸೋಪು, ಎಣ್ಣೆ, ಅಂಚೆ ಕಾಗದ, ಊರಿಗೆ ಹೋಗುವ ಬಸ್ಸಿನ ಚಾರ್ಜು ಇವುಗಳಿಗೆ ಆಶ್ರಯವಿಲ್ಲದುದರಿಂದ ಸಂಜೆಯ ಹೊತ್ತು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆವು. ಈಗಿನ ಮಕ್ಕಳು ಅಚ್ಚಿನ ಮೊಳೆಯನ್ನು ಕಂಡಿರಲಾರರು. ಸೀಸ, ತವರ, ಆಂಟಿಮನಿ ಎಂಬ ಮೂರು ಲೋಹಗಳನ್ನು ಬೆರೆಸಿ ಎರಕ ಹೊಯ್ದ ಆ ಪುಟ್ಟ ಮೊಳೆಗಳಲ್ಲಿ ಅಕ್ಷರವು ಕನ್ನಡಿಯಲ್ಲಿ ಕಂಡಂತೆ ತಲೆಕೆಳಗಾಗಿ ಬಲಎಡವಾಗಿ ಇರುವುದು. ಇಂಗ್ಲಿಷಿಗಾದರೆ ಮೊಳೆಯ ಪೆಟ್ಟಿಗೆಗಳು ಕೆಲವೇ ಸಾಕು. ನಮ್ಮ ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರ, ಕೊಂಬು, ದೀರ್ಘ ಎಂದು ಮನೆಗಳು ನೂರಾರು. ಮೊಳೆ ಜೋಡಿಸುವವರು ಆ ಮನೆಗಳ ಕಡೆಗೆ ನೋಡದೆಯೇ ಕೈ ಹಾಕಿ ಬೇಕಾದ ಅಕ್ಷರವನ್ನು ತೆಗೆಯುತ್ತಿದ್ದುದನ್ನು ಕಂಡು, ಪಾಣಿನಿಯ ಸೂತ್ರಗಳು ನಮ್ಮ ಬಾಯಿಗೆ ಎಂದಾದರೂ ಹೀಗೆ ಬಂದಾವೇ ಎಂದು ಹೊಟ್ಟೆಕಿಚ್ಚುಪಟ್ಟಿದ್ದೇವೆ.

ಅಲ್ಲಿ ನಮ್ಮಿಂದಾದ ಪ್ರಮಾದವೊಂದನ್ನು ಹೇಳಲೇಬೇಕು. ಲಗ್ನದ ಕಾಲ. ಮುನ್ನೂರು ಕರೆಯೋಲೆಗಳು ಅಚ್ಚಾಗಿ ಒಣಗಿ ಕಟ್ಟು ಕಟ್ಟಿ ಸಿದ್ಧವಾಗಿದ್ದುವು. ಕನ್ಯೆಯ ತಂದೆಯವರು ಬಂದು, ಮೇಲಿನ ಒಂದು ಓಲೆಯನ್ನು ತೆಗೆದು ಕನ್ನಡಕವೇರಿಸಿ ಓದಿ, ಕಡೆಯ ಸಾಲಿಗೆ ಬರುತ್ತಲೇ ಮೌನವಾಗಿ ಅದನ್ನು ನಮ್ಮ ಕೈಗೆ ಕೊಟ್ಟರು. ‘ವಧೂಪ್ರವೇಶ’ ಎಂದಿರಬೇಕಾದ ಎಡೆಯಲ್ಲಿ ದೀರ್ಘದ ಕೊಂಬು ಹಾರಿಹೋಗಿ ‘ವಧಪ್ರವೇಶ’ ಎಂದಾಗಿದ್ದಿತು. ಸಂಸ್ಕೃತ ವಿದ್ಯಾರ್ಥಿಯೆಂದೇ ನಮ್ಮನ್ನು ಆ ಕೆಲಸಕ್ಕೆ ಇಟ್ಟುಕೊಂಡಿದ್ದರು! ಮೊಳೆಯು ಯಂತ್ರದಲ್ಲಿ ಕಳಚಿ ಬಿದ್ದಿತೋ, ನಾವೇ ಕಣ್ಣು ತಪ್ಪಿಸಿದೆವೋ, ಇಂದಿಗೂ ಹೇಳಲಾರೆವು. ಆ ಹಿರಿಯರು ಕೂಗಾಡಲಿಲ್ಲ. “ಹೆಣ್ಣಿನ ಅಜ್ಜಿಗೆ ಗೊತ್ತಾಗಕೂಡದು, ಅಷ್ಟು ನೋಡಿಕೊಳ್ಳಿ” ಎಂದು ಹೇಳಿ ಹೊರಗಿನ ಬೆಂಚಿನ ಮೇಲೆ ಹೋಗಿ ಕುಳಿತರು. ಅಂದು ರಾತ್ರಿ ಎರಡು ಗಂಟೆಯವರೆಗೆ ಮುನ್ನೂರು ಓಲೆಗಳಿಗೂ ಸಣ್ಣ ಮೊನೆಯ ಲೇಖನಿಯಿಂದ ಕೊಂಬನ್ನೂ ದೀರ್ಘವನ್ನೂ ಬರೆದು ತಿದ್ದಿದೆವು. ಯಜಮಾನರು ಮೂರು ವಾರದ ಸಂಬಳವನ್ನು ಮುರಿದುಕೊಂಡರು. ಅದು ನ್ಯಾಯವೆಂದೇ ನಮಗೆ ಆಗಲೂ ತೋರಿತು, ಈಗಲೂ ತೋರುತ್ತದೆ. ಆ ಮದುವೆಯ ಹುಡುಗಿ ಚೆನ್ನಾಗಿ ಬಾಳಿದಳೆಂದು ಆಮೇಲೆ ಕೇಳಿ ತಿಳಿದುಕೊಂಡೆವು. ಕೇಳದೆ ಮನಸ್ಸು ತಡೆಯಲಿಲ್ಲ.

೧೯೮೫ರಲ್ಲಿ ತಂದೆಯವರಿಗೆ ಪಾರ್ಶ್ವವಾಯು ತಗಲಿ ಬಲಗೈ ಬಿದ್ದುಹೋಯಿತು. ಆರತಿಯೆತ್ತುವ ಕೈ ಅದು. ಪೂಜೆಯು ದಾಯಾದಿಗಳಿಗೆ ಹೋಯಿತು. ನಾವು ವ್ಯಾಸಂಗವನ್ನು ನಡುವೆಯೇ ಬಿಟ್ಟು ಊರಿಗೆ ಬಂದೆವು. ನಮ್ಮ ಸೀಮೆಯು ರೇಷ್ಮೆಯ ಸೀಮೆ. ಹಿಪ್ಪುನೇರಳೆ ಹೊಲ, ಚಂದ್ರಿಕೆ, ಗೂಡು, ನೂಲು ಎಂಬ ಮಾತುಗಳಿಲ್ಲದೆ ರಾಮನಗರದ ಸುತ್ತಿನಲ್ಲಿ ಇಬ್ಬರು ನಿಂತು ಮಾತನಾಡುವಂತಿಲ್ಲ. ಪೇಟೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವನು ಬೇಕೆಂದು ತಿಳಿದು ಹೋಗಿ ಕೇಳಿದೆವು. ತಿಂಗಳಿಗೆ ಇನ್ನೂರ ಐವತ್ತು ರೂಪಾಯಿ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಅದು ಈಗ ಇಲ್ಲ, ಯಜಮಾನರೂ ಇಲ್ಲ.

ರೇಷ್ಮೆಯನ್ನು ಉಟ್ಟವರೆಲ್ಲರೂ ಅದರ ಹುಟ್ಟನ್ನು ಕಂಡಿರುವುದಿಲ್ಲವಾದುದರಿಂದ ಎರಡು ಮಾತು ಹೇಳುತ್ತೇವೆ. ಹುಳುವು ಸುಮಾರು ನಾಲ್ಕು ವಾರ ಸೊಪ್ಪು ತಿಂದು, ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ಹಾಗೆ ಪೊರೆ ಬಿಡಲು ಮೇವನ್ನು ತೊರೆದು ತಲೆಯೆತ್ತಿ ನಿಲ್ಲುವುದನ್ನು ರೈತರು ಜ್ವರವೆನ್ನುವರು. ಕಡೆಗೆ ಹುಳು ಹಣ್ಣಾಗಿ, ಚಂದ್ರಿಕೆಯ ಮೇಲೆ ತನ್ನ ಬಾಯ ಎಳೆಯಿಂದಲೇ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನಿಂದ ಅದು ಚಿಟ್ಟೆಯಾಗಿ ಹೊರಬಂದರೆ ಎಳೆಯು ಕಡಿದುಹೋಗುವುದು. ಆದುದರಿಂದ ಬರುವುದಕ್ಕೆ ಮುಂಚೆಯೇ ಹಬೆಯಲ್ಲಿಟ್ಟು ಕೊಲ್ಲುವರು. ಆಮೇಲೆ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹುಡುಕಿ, ಎಂಟು ಹತ್ತು ಗೂಡಿನ ಎಳೆಗಳನ್ನು ಒಟ್ಟುಗೂಡಿಸಿ ರಾಟೆಗೆ ಸುತ್ತುವರು. ಒಳ್ಳೆಯ ಗೂಡೊಂದರಲ್ಲಿ ಕಡಿಯದ ಎಳೆಯು ಸಾವಿರ ಗಜಕ್ಕೂ ಹೆಚ್ಚು ಇರುವುದುಂಟು. ಒಂದು ತೂಕ ನೂಲಿಗೆ ಎಷ್ಟು ತೂಕ ಗೂಡು ಹಿಡಿಯಿತೆಂಬ ಲೆಕ್ಕಕ್ಕೆ ಆ ಕಸುಬಿನವರು ರೆಂಡಿಟ್ಟವೆಂದು ಹೇಳುವರು. ಅದನ್ನು ಪ್ರತಿದಿನವೂ ಕಟ್ಟುವುದು ನಮ್ಮ ಮುಖ್ಯವಾದ ಕೆಲಸವಾಗಿದ್ದಿತು. ಬೆಂದ ಹುಳುವಿನ ನಾತವು ಬಟ್ಟೆಗೆ ಹತ್ತಿದರೆ ಒಗೆದರೂ ಹೋಗದು. ಸಂಜೆ ಮನೆಗೆ ಬಂದು ಸ್ನಾನ ಮಾಡಿ ಸಂಧ್ಯಾವಂದನೆಗೆ ಕುಳಿತರೆ, ಆಚಮನದ ನೀರಿನಲ್ಲಿಯೂ ಅದೇ ವಾಸನೆ ಬಂದಂತಾಗುತ್ತಿದ್ದಿತು.

ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ಏಳೆಂಟು ಮಂದಿ. ಕೆಲವರು ರಾಟೆ ತಿರುಗಿಸುವರು. ಕೆಲವರು ಬಿಸಿನೀರಿನಲ್ಲಿ ಕೈಯಾಡಿಸಿ ಎಳೆಯ ತುದಿಯನ್ನು ಹುಡುಕಿಕೊಡುವರು. ಸಣ್ಣ ಬೆರಳುಗಳಿಗೆ ತುದಿಯು ಬೇಗ ಸಿಕ್ಕುತ್ತದೆಂದು ಹೇಳುತ್ತಿದ್ದರು. ಅವರ ಅಂಗೈಗಳು ಸದಾ ಬೆಳ್ಳಗೆ ನೆನೆದು ನಿರಿಗೆಗಟ್ಟಿ, ಬೆರಳ ಸಂದುಗಳಲ್ಲಿ ಹುಣ್ಣಾಗಿರುತ್ತಿದ್ದುವು. ಮೊದಲ ದಿನ ಹಾಜರಿ ಪುಸ್ತಕದಲ್ಲಿ ನಾವು ಎಲ್ಲರ ಹೆಸರುಗಳನ್ನೂ ವಯಸ್ಸಿನೊಡನೆ ಓರಣವಾಗಿ ಬರೆದಿಟ್ಟೆವು. ಯಜಮಾನರು ನೋಡಿ ಮುಗುಳುನಕ್ಕು, “ಅಕ್ಷರ ಮುತ್ತಿನ ಹಾಗಿದೆ ಸ್ವಾಮಿ. ಮಕ್ಕಳ ಹೆಸರು ಮಾತ್ರ ಬೇಡ” ಎಂದರು. ಆ ಹಾಳೆಯನ್ನು ಹರಿದು ಬೇರೆ ಬರೆದೆವು. ಮಕ್ಕಳಿಗೆಂದು ಬೇರೊಂದು ಚೀಟಿ. ಅದರಲ್ಲಿ ತಲೆಗೊಂದು ಗೀಟು. ಶನಿವಾರ ಗೀಟುಗಳನ್ನು ಎಣಿಸಿ ದುಡ್ಡು ಕೊಡುವುದು, ಚೀಟಿಯನ್ನು ಒಲೆಗೆ ಹಾಕುವುದು. ಅಲ್ಲಿ ಎರಡು ವರ್ಷ ಇದ್ದೆವು. ಅಪಾಯಕರ ಕಸುಬುಗಳಲ್ಲಿ ಮಕ್ಕಳನ್ನು ದುಡಿಸಬಾರದೆಂಬ ಕಾಯಿದೆಯು ೧೯೮೬ರಲ್ಲಿ, ನಾವು ಅಲ್ಲಿರುವಾಗಲೇ ಬಂದಿತು. ನಮ್ಮ ಚೀಟಿಯಲ್ಲಿ ಗೀಟುಗಳು ಒಂದೂ ಕಡಮೆಯಾಗಲಿಲ್ಲ.

ತಂದೆಯವರ ಔಷಧಕ್ಕೆ ಆ ಹಣವೇ ಗತಿಯಾಗಿದ್ದಿತೆಂಬುದು ನಿಜ. ಬರೆಯುವವನು ಬರೆಯುತ್ತಾನೆ, ಮಾಡಿಸುವವರು ಬೇರೆ ಎಂದು ನಾವು ನಮಗೆ ಹೇಳಿಕೊಳ್ಳುತ್ತಿದ್ದುದೂ ನಿಜ.

ಅನಂತರದ ಆರು ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ೧೯೮೭ರಲ್ಲಿ ತಂದೆಯವರು ಕಾಲವಾದರು. ನಾವು ಮತ್ತೆ ಪುಸ್ತಕ ಹಿಡಿದು, ಉಳಿದ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಮುಗಿಸಿದೆವು. ಆ ಕಾಲದಲ್ಲಿ ಸೊಸೈಟಿಯಲ್ಲಿ ಸೀಮೆಎಣ್ಣೆ ಅಳೆದೆವು. ಬಸ್ ನಿಲ್ದಾಣದ ಬಳಿ ದೂರವಾಣಿಯ ಗೂಡಿನಲ್ಲಿ ರಾತ್ರಿ ಪಾಳಿ ಕುಳಿತೆವು. ರಾತ್ರಿ ದರ ಕಡಮೆಯಾದುದರಿಂದ ಜನರು ಊಟ ಮುಗಿಸಿಕೊಂಡು ಬಂದು ಸಾಲಾಗಿ ನಿಂತು, ಗಾಜಿನ ಬಾಗಿಲು ಹಾಕಿಕೊಂಡಿದ್ದೇವೆಂಬ ಧೈರ್ಯದಿಂದ ಊರಿಗೆಲ್ಲಾ ಕೇಳುವಂತೆ ಮನೆಯ ಗುಟ್ಟನ್ನು ಕೂಗಿ ಹೇಳುತ್ತಿದ್ದರು. ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳಿದೆವು; ಅಲ್ಲಿ ಸಾವಿರದ ಇನ್ನೂರಕ್ಕೆ ರುಜು ಮಾಡಿಸಿಕೊಂಡು ಆರುನೂರು ಕೊಡುತ್ತಿದ್ದರು. ರೇಷ್ಮೆಯ ಮನೆಯಲ್ಲಿ ಸುಳ್ಳು ಬರೆಯುತ್ತಿದ್ದವರು ನಾವು. ಇಲ್ಲಿ ಸುಳ್ಳಿಗೆ ಸಹಿ ಹಾಕುವವರೂ ನಾವೇ ಆದೆವು. ಬಡ್ತಿಯೆಂದೇ ಹೇಳಬೇಕು.

೧೯೯೩ರಲ್ಲಿ ಸರ್ಕಾರಿ ಪ್ರೌಢಶಾಲೆಯಲ್ಲಿ ಭಾಷಾ ಶಿಕ್ಷಕರ ಕೆಲಸ ದೊರೆಯಿತು. ಮರುವರ್ಷ ವಿವಾಹವಾಯಿತು. ಪಾಠ ಹೇಳುವ ವೃತ್ತಿಯನ್ನು ಕುರಿತು ಹಿರಿಯರು ಬೇಕಾದಷ್ಟು ಬರೆದಿರುವುದರಿಂದ ನಾವು ಬರೆಯುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳುತ್ತೇವೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಶಾಮಾಶಾಸ್ತ್ರಿಗಳಿಗೆ ೧೯೦೫ರಲ್ಲಿ ದೊರೆತು, ೧೯೦೯ರಲ್ಲಿ ಅವರಿಂದ ಅಚ್ಚಾದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ರಾಜಸೇವಕರ ಸಂಬಳದ ಪಟ್ಟಿಯೊಂದಿದೆ. ಋತ್ವಿಜ, ಮಂತ್ರಿ, ಸೇನಾಪತಿ, ರಾಜಮಾತೆ ಮೊದಲಾದವರಿಗೆ ನಲವತ್ತೆಂಟು ಸಾವಿರ ಪಣ. ಲೆಕ್ಕಿಗರಿಗೂ ಬರೆಯುವವರಿಗೂ ಐನೂರು ಪಣ. ಆಚಾರ್ಯರಿಗೂ ವಿದ್ಯಾವಂತರಿಗೂ ಐನೂರರಿಂದ ಸಾವಿರದವರೆಗೆ. ಎಲ್ಲಕ್ಕೂ ಕೆಳಗೆ, ದನಕರುಗಳ ಮತ್ತು ಜನರ ಪರಿಚಾರಕರಿಗೆ ಅರವತ್ತು ಪಣ. ಲೆಕ್ಕ ಬರೆದು ಬರೆದು ಆಚಾರ್ಯರಾದ ನಮಗೆ ಐನೂರರಿಂದ ಎಷ್ಟು ಏರಿತೆಂಬುದು ಆಯಾ ರಾಜನ ಮರ್ಜಿಗೆ ಸೇರಿದುದು. ಗೂಡಿನ ಎಳೆ ಹುಡುಕುವ ಮಕ್ಕಳಿಗೆ ಆ ಪಟ್ಟಿಯಲ್ಲಿಯೂ ನಮಗೆ ಜಾಗ ಕಾಣಲಿಲ್ಲ.

ಉಪಾಧ್ಯಾಯರ ಕೆಲಸವೆಂದರೆ ಪಾಠ ಹೇಳುವುದೊಂದೇ ಎಂದು ತಿಳಿಯತಕ್ಕದ್ದಲ್ಲ. ೧೯೯೪ರ ವಿಧಾನಸಭೆಯ ಚುನಾವಣೆಯಿಂದ ಮೊದಲುಗೊಂಡು ಎಷ್ಟೋ ಚುನಾವಣೆಗಳಲ್ಲಿ ಜನರ ಬೆರಳಿಗೆ ಶಾಯಿ ಹಚ್ಚಿದ್ದೇವೆ. ೧೯೩೭ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಬಣ್ಣದ ಕಾರ್ಖಾನೆಯಲ್ಲಿಯೇ ೧೯೬೨ರಿಂದಲೂ ದೇಶಕ್ಕೆಲ್ಲಾ ಆ ಶಾಯಿಯು ತಯಾರಾಗುತ್ತಿದೆ. ಸಿಲ್ವರ್ ನೈಟ್ರೇಟ್ ಸೇರಿರುವ ಅದರ ಕಲೆಯು ವಾರಗಳವರೆಗೆ ಹೋಗದು. ಹಚ್ಚುವವರ ಬೆರಳುಗಳಿಗೂ ಅದು ತಗಲುವುದರಿಂದ, ಆ ದಿನಗಳಲ್ಲಿ ಊಟಕ್ಕೆ ಕುಳಿತಾಗ ನಮ್ಮಾಕೆಯು “ಕೈ ತೊಳೆದುಕೊಂಡಿರಾ?” ಎಂದು ಎರಡೆರಡು ಸಲ ಕೇಳುವಳು. ಇನ್ನು ಜನಗಣತಿಯ ಕೆಲಸ. ಅದು ೨೦೦೧ರಲ್ಲಿ ನಮ್ಮ ಪಾಲಿಗೆ ಬಂದಿತು. ಆ ಕೆಲಸದಲ್ಲಿ ಕೇಳಿ ಬರೆದುಕೊಂಡುದನ್ನು ಹೊರಗೆ ಹೇಳಕೂಡದೆಂದು ೧೯೪೮ರ ಕಾಯಿದೆಯೇ ಇದೆ. ಆದುದರಿಂದ ಪಟ್ಟಿಯಲ್ಲಿ ಏನು ಬರೆದೆವೆಂಬುದನ್ನಾಗಲಿ, ಯಾವ ಬೀದಿ, ಯಾವ ಮನೆಯೆಂಬುದನ್ನಾಗಲಿ ಹೇಳುವುದಿಲ್ಲ. ಜಗುಲಿಯ ಮೇಲೆ ನಡೆದ ಮಾತನ್ನಷ್ಟೇ ಹೇಳುತ್ತೇವೆ.

ಫೆಬ್ರವರಿಯ ಬಿಸಿಲು. ಮಣ್ಣಿನ ಜಗುಲಿಯ ಮೇಲೆ ಗೋಣಿತಟ್ಟು ಹಾಸಿ ಕೊಟ್ಟರು. ಇಪ್ಪತ್ತೈದರ ಮೇಲಿನ ಹೆಣ್ಣುಮಗಳು, ಸೊಂಟದಲ್ಲೊಂದು ಕೂಸು. ನಾವು ತಲೆಬಗ್ಗಿಸಿ ಬರೆಯುತ್ತಿರಲು, ಆಕೆ ನಮ್ಮನ್ನೇ ದಿಟ್ಟಿಸಿ ನೋಡಿ, “ನೀವು ಲೆಕ್ಕದ ಅಯ್ನೋರಲ್ವಾ?” ಎಂದಳು.

ನಮಗೆ ತಿಳಿಯಲಿಲ್ಲ.

“ನೂಲು ತೆಗೆಯೋ ಮನೇಲಿ ಲೆಕ್ಕ ಬರೀತಿದ್ರಲ್ಲ. ನಾನು ಆಗ ಇಷ್ಟುದ್ದ ಇದ್ದೆ.”

ಆಕೆಯ ಮುಖವನ್ನು ನೋಡಿದೆವು. ಗುರುತು ಹತ್ತಲಿಲ್ಲ. ಕೈಯನ್ನು ನೋಡಿದೆವು. ಬೆರಳ ಸಂದುಗಳಲ್ಲಿ ಚರ್ಮವು ನುಣ್ಣಗೆ, ಬೇರೆಯೇ ಬಣ್ಣವಾಗಿ ಕೂಡಿಕೊಂಡಿದ್ದಿತು.

“ಚೆನ್ನಾಗಿದ್ದೀಯೇನಮ್ಮ?” ಎಂದೆವು. ಬೇರೇನು ಹೇಳುವುದು?

“ಇದ್ದೀನಿ ಅಯ್ನೋರೆ. ಎಳೆ ಕಿತ್ತೋದ್ರೆ ನಾಕಾಣೆ ಹಿಡ್ಕೋತಿದ್ರಿ, ನೆಪ್ಪೈತಾ?”

ಮಾತಿನಲ್ಲಿ ದ್ವೇಷವಿರಲಿಲ್ಲ. ಹಳೆಯ ನೆಂಟರ ಮನೆಯ ಸುದ್ದಿಯನ್ನು ತೆಗೆದ ಹಾಗೆ, ನಗುತ್ತಲೇ ಹೇಳಿದಳು. ನಾವು, “ಅದು ಯಜಮಾನರ ಕಟ್ಟಳೆಯಮ್ಮ” ಎಂದೆವು.

“ಅವರ ಮೊಕ ನಾವೆಲ್ಲಿ ಕಂಡ್ವು? ಶನಿವಾರ ದುಡ್ಡು ಕೊಡೋರು ನೀವು, ಹಿಡ್ಕೊಳೋರು ನೀವು.” ಹೀಗೆಂದು, ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, “ಇರ್ಲಿ ಬಿಡಿ. ಬಿಸಿಲಲ್ಲಿ ಬಂದಿದ್ದೀರಾ, ನೀರು ಕೊಡ್ಲಾ?” ಎಂದಳು.

ಓದುಗರು ನಂಬಬೇಕು: ಆ ನಾಲ್ಕಾಣೆಯ ವಿಷಯವು ನಮ್ಮ ಮನಸ್ಸಿನಿಂದ ಪೂರ್ತಿಯಾಗಿ ಅಳಿಸಿಹೋಗಿದ್ದಿತು. ಗೀಟುಗಳು ನೆನಪಿನಲ್ಲಿದ್ದುವು, ಒಲೆಗೆ ಹಾಕಿದ ಚೀಟಿಗಳು ನೆನಪಿನಲ್ಲಿದ್ದುವು, ರೆಂಡಿಟ್ಟದ ಅಂಕೆಗಳೂ ಕೆಲವು ನೆನಪಿನಲ್ಲಿದ್ದುವು. ನಮ್ಮದೇ ಕೈಯಿಂದ ಆ ನೆನೆದ ಅಂಗೈಗಳ ದುಡ್ಡಿನಲ್ಲಿ ನಾಲ್ಕಾಣೆಯನ್ನು ಹಿಂದಕ್ಕೆ ತೆಗೆದಿಡುತ್ತಿದ್ದುದು ಮಾತ್ರ ನೆನಪಿನಲ್ಲಿರಲಿಲ್ಲ. ಹದಿನಾಲ್ಕು ವರ್ಷ ನಾವು ಸಾಕ್ಷಿಯೆಂದು ತಿಳಿದುಕೊಂಡಿದ್ದ ಸಂಗತಿಯಲ್ಲಿ ಆಕೆಯ ಲೆಕ್ಕದ ಪ್ರಕಾರ ಪ್ರತಿವಾದಿಗಳೇ ನಾವು. ನೀರು ಕುಡಿದೆವು. ಉಳಿದ ಪ್ರಶ್ನೆಗಳನ್ನು ಕೇಳಿದೆವು. ಓದು ಬರಹ ಬರುತ್ತದೆಯೇ ಎಂಬುದು ಅವುಗಳಲ್ಲೊಂದು. ಅದನ್ನು ಕೇಳುವಾಗ ತಲೆಯೆತ್ತಲಿಲ್ಲ. ಹೊರಡುವಾಗ ಕೂಸಿನ ಕೈಯಲ್ಲಿ ಐವತ್ತು ರೂಪಾಯಿಯ ನೋಟನ್ನು ಇಡಲು ಹೋದರೆ, ಆಕೆ ಗಾಬರಿಯಾಗಿ, “ಅಯ್ಯೋ, ಇದ್ಯಾಕೆ?” ಎಂದು ಹಿಂದಕ್ಕೆ ಕೊಟ್ಟುಬಿಟ್ಟಳು. ಅದು ಸಲ್ಲದ ನಾಣ್ಯವೆಂಬುದು ನಮಗೂ ಕೊಡುವಾಗಲೇ ತಿಳಿದಿದ್ದಿತು.

ಮನೆಗೆ ಬಂದು ನಮ್ಮಾಕೆಗೆ ಹೇಳಿದೆವು. ಆಕೆ ಹಪ್ಪಳದ ಹಿಟ್ಟನ್ನು ಒನಕೆಯಲ್ಲಿ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿ ಎಲ್ಲವನ್ನೂ ಕೇಳಿ, “ಆ ಹುಡುಗಿ ಹೆಸರೇನು?” ಎಂದಳು. ಕಾಯಿದೆಯ ಪ್ರಕಾರ ಹೇಳಕೂಡದು ಎಂದೆವು. “ಆವಾಗಲೂ ನೀವು ಹೆಸರು ಬರೆಯಲಿಲ್ಲ, ಈಗಲೂ ಹೇಳುವುದಿಲ್ಲ” ಎಂದು ಮತ್ತೆ ಒನಕೆಯನ್ನು ಎತ್ತಿದಳು.

ಹಪ್ಪಳದ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇವೆ. ೨೦೧೧ರ ಗಣತಿಯಲ್ಲಿ ನಮಗೆ ಬೇರೆ ಬೀದಿಗಳು ಬಿದ್ದಿದ್ದುವು; ನಮ್ಮ ಮನೆಗೆ ಬೇರೆ ಶಾಲೆಯ ಉಪಾಧ್ಯಾಯಿನಿಯೊಬ್ಬರು ಬಂದರು. ಗೃಹಿಣಿಯ ಉದ್ಯೋಗವೇನೆಂದು ಕೇಳಿದಾಗ ನಾವು, ಗಣತಿಯ ನಿಯಮಗಳನ್ನು ಚೆನ್ನಾಗಿ ಬಲ್ಲವರು, “ಏನೂ ಇಲ್ಲ, ಮನೆಯಲ್ಲೇ ಇದ್ದಾಳೆ” ಎಂದು ಹೇಳಿಬಿಟ್ಟೆವು. ಒಳಗಿನಿಂದ, “ಹಪ್ಪಳ ಯಾರು ಮಾರಿದ್ದು?” ಎಂಬ ಧ್ವನಿ ಬಂದಿತು. ಹದಿನೈದು ವರ್ಷಗಳಿಂದ ಆಕೆಯು ಹಪ್ಪಳ ಸಂಡಿಗೆಗಳನ್ನು ಮಾಡಿ ಎರಡು ಅಂಗಡಿಗಳಿಗೆ ಕೊಡುತ್ತಿದ್ದಳು. ಸೀರೆಗಳಿಗೆ ಅಂಚು ಹೊಲಿಯುತ್ತಿದ್ದಳು. ಮಗಳ ಕಾಲೇಜಿನ ಮೊದಲ ವರ್ಷದ ಶುಲ್ಕವು ಸಂದುದು ಆ ಡಬ್ಬಿಯಿಂದ. ಮನೆಯವರಿಗೆಂದು ಕರಿದ ಹಪ್ಪಳವು ಗಣತಿಯಲ್ಲಿ ಕೆಲಸವೆನಿಸದು, ಮಾರಿದ ಹಪ್ಪಳವು ಕೆಲಸವೇ ಎಂಬ ನಿಯಮವನ್ನು ಬೇರೆಯವರ ಜಗುಲಿಗಳಲ್ಲಿ ನಾವೇ ಎಷ್ಟು ಸಲ ವಿವರಿಸಿದ್ದೆವು! ಉಪಾಧ್ಯಾಯಿನಿಯವರು ನಗುತ್ತಾ ತಿದ್ದಿಕೊಂಡರು.

ಭೃತ್ಯನೆಂಬ ಶಬ್ದವೂ ಭಾರ್ಯೆಯೆಂಬ ಶಬ್ದವೂ ‘ಭೃ’ ಎಂಬ ಒಂದೇ ಧಾತುವಿನಿಂದ ಬಂದುವು. ಇಬ್ಬರೂ ಪೋಷಿಸಲ್ಪಡತಕ್ಕವರು ಎಂದು ಅರ್ಥ. ಪ್ರತ್ಯಯ ಮಾತ್ರ ಬೇರೆ. ಇದನ್ನು ನಾವು ಮೂವತ್ತು ವರ್ಷ ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸಿದ್ದೇವೆ. ಓರೆ ಬಾಗಿಲಿನ ಹಿಂದೆ ಕುಳಿತು ಹುಣಸೆಹಣ್ಣು ಬಿಡಿಸಿದವರು ಯಾರನ್ನು ಪೋಷಿಸುತ್ತಿದ್ದರೆಂದು ಆ ಹೊತ್ತಿನಲ್ಲಿ ಒಂದು ದಿನವೂ ನಮಗೆ ಹೊಳೆಯಲಿಲ್ಲ.

ದಿನಚರಿಯ ಹಿಂದಣ ಹಾಳೆಯಲ್ಲಿ ಈಗ ಹದಿಮೂರು ಕೆಲಸಗಳಿವೆ. ನಿವೃತ್ತಿ ವೇತನವು ತಿಂಗಳಿಗೆ ಸರಿಯಾಗಿ ಬರುತ್ತಿದೆ, ಕೊರತೆಯಿಲ್ಲ. ಹೀಗಿರಲು ಮೊನ್ನೆ ನಮ್ಮ ಬೀದಿಯ ದಿನಸಿ ಅಂಗಡಿಯವರು ಬಂದು, “ಮೇಷ್ಟ್ರೇ, ಸಂಜೆ ಎರಡು ಗಂಟೆ ಬಂದು ಲೆಕ್ಕ ಬರೆದುಕೊಡಿ. ಹುಡುಗರ ಅಕ್ಷರ ಓದೋಕಾಗಲ್ಲ” ಎಂದು ಕೇಳಿದರು. ಸಂಬಳ ಎಷ್ಟೆಂದು ನಾವು ಕೇಳುವಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಅವರ ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುವ ಹುಡುಗನೊಬ್ಬನಿದ್ದಾನೆ. ಮೀಸೆ ಇನ್ನೂ ಮೂಡಿಲ್ಲ. ಬೆಳಗಿನ ಹತ್ತು ಗಂಟೆಗೂ ಅವನು ಅಂಗಡಿಯಲ್ಲಿಯೇ ಇರುವುದನ್ನು ನಾವು ಕಂಡಿದ್ದೇವೆ. ಅವನ ವಯಸ್ಸೆಷ್ಟು, ಶಾಲೆಗೆ ಹೋಗುತ್ತಾನೆಯೇ, ಸಂಬಳದ ಪುಸ್ತಕದಲ್ಲಿ ಅವನ ಹೆಸರಿದೆಯೇ ಎಂದು ಕೇಳಿದೆವು.

“ಅದೆಲ್ಲಾ ನಿಮಗ್ಯಾಕೆ ಮೇಷ್ಟ್ರೇ? ಅವನು ನಮ್ಮ ಮನೆ ಹುಡುಗ ಇದ್ದಹಾಗೆ” ಎಂದು ಅವರು ನಕ್ಕರು.

ಪುಸ್ತಕವನ್ನು ನೋಡಿದ ಮೇಲೆ ಹೇಳುತ್ತೇವೆಂದು ತಿಳಿಸಿದ್ದೇವೆ. ನಾಳೆ ಸಂಜೆ ಹೋಗಬೇಕು.